ರಿಂಗ್ ರೋಡ್ ಬಂದಾಯಿತು, ಊರು ಬೆಳೆದೇ ಬೆಳೆಯುತ್ತದಾ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರಿನ ಸುತ್ತಲಿನ ಊರುಗಳನ್ನು ಜೋಡಿಸುವ ಹೊಸ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ನಮ್ಮ ಹೊಲದಿಂದ ಕಣ್ಣಿಗೆ ಕಾಣುತ್ತದೆ. ಎರಡೂವರೆ ಎಕರೆ ಇದೆ, ಅರ್ಧ ದ್ರಾಕ್ಷಿ, ಅರ್ಧ ರಾಗಿ. ದಲ್ಲಾಳಿಗಳು ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದಾರೆ. ಐದು ವರ್ಷದಲ್ಲಿ ಇದು ಇನ್ನೊಂದು ವೈಟ್‌ಫೀಲ್ಡ್ ಆಗುತ್ತದೆ ಎಂದು ಒಬ್ಬರು ಹೇಳುತ್ತಾರೆ. ಈಗಲೇ ಕೊಡದಿದ್ದರೆ ಈ ರೇಟು ಮತ್ತೆ ಸಿಗಲ್ಲ ಎಂದು ಇನ್ನೊಬ್ಬರು. ರಸ್ತೆ ಬಂದ ಕಡೆ ಊರು ಬೆಳೆದೇ ಬೆಳೆಯುತ್ತದಾ? ನಮ್ಮೂರು ಏನಾಗಬಹುದು?

ಉತ್ತರ: ರಸ್ತೆ ಕಣ್ಣಿಗೆ ಕಾಣುತ್ತದೆ ಎಂದು ಬರೆದಿದ್ದೀರಿ. ಆ ರಸ್ತೆಗೆ ಹತ್ತುವ ಜಾಗ ನಿಮ್ಮ ಹೊಲದಿಂದ ಎಷ್ಟು ದೂರ? ಅದನ್ನು ಬರೆದಿಲ್ಲ. ದಲ್ಲಾಳಿಗಳೂ ಅದನ್ನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಹಳೆಯ ಕಾಲದ ರಸ್ತೆ ಎಂದರೆ ಎಲ್ಲಿ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. ಅಂಥ ರಸ್ತೆಯ ಎರಡೂ ಬದಿಗೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಆಮೇಲೆ ಮನೆ, ಲಾಡ್ಜು, ಕಲ್ಯಾಣಮಂಟಪ ಬಂದವು. ಊರು ರಸ್ತೆಗುಂಟ ಉದ್ದಕ್ಕೆ ಬೆಳೆಯಿತು. ಈಗ ಕಟ್ಟುತ್ತಿರುವುದು ಬೇರೆ ಬಗೆಯ ರಸ್ತೆ. ಬದಿಗೆ ಬೇಲಿ ಇರುತ್ತದೆ. ನಡುವೆ ಹತ್ತಲು ಆಗುವುದಿಲ್ಲ. ಎಲ್ಲೋ ಕೆಲವು ಕಿಲೋಮೀಟರಿಗೆ ಒಂದು ಇಂಟರ್‌ಚೇಂಜ್, ಎಂದರೆ ಹತ್ತಿ ಇಳಿಯುವ ಜಾಗ, ಅಲ್ಲೇ ಟೋಲ್. ಕೆರೆ ತುಂಬಿದ್ದರೂ ನೀರು ಹೋಗುವುದು ತೂಬಿನ ಕೆಳಗಿನ ಗದ್ದೆಗೆ ತಾನೆ? ಇಲ್ಲೂ ಹಾಗೆಯೇ. ರಸ್ತೆಯ ಲಾಭ ಹೊರಗೆ ಬರುವುದು ಇಂಟರ್‌ಚೇಂಜ್ ಇರುವ ಕಡೆ. ಅದರ ಸುತ್ತಲಿನ ಎರಡು ಮೂರು ಕಿಲೋಮೀಟರ್ ಒಂದು ಲೋಕ, ಉಳಿದ ಉದ್ದವೆಲ್ಲ ಇನ್ನೊಂದು ಲೋಕ. ನಡುವಿನ ಹಳ್ಳಿಗೆ ಸಿಗುವುದು ಲಾರಿಯ ಸದ್ದು. ಹೊಲ ಎರಡು ಭಾಗವಾದ ರೈತ ಟ್ರ್ಯಾಕ್ಟರ್ ತಗೊಂಡು ಅಂಡರ್‌ಪಾಸ್ ಹುಡುಕಿಕೊಂಡು ಸುತ್ತು ಹೊಡೆಯಬೇಕು.

ಇನ್ನು ಊರು ಯಾಕೆ ಬೆಳೆಯುತ್ತದೆ ಎನ್ನುವುದಕ್ಕೆ ಬರೋಣ. ರಸ್ತೆ ನಿಜವಾಗಿ ತರುವುದು ಒಂದೇ ವಸ್ತು: ಸಮಯ. ಕೆಲಸಕ್ಕೆ ಹೋಗಲು ಜನ ಕೊಡುವ ಹೊತ್ತಿಗೆ ಒಂದು ಮಿತಿ ಇದೆ. ಒಂದು ಕಡೆಗೆ ಅರ್ಧ ಗಂಟೆ ಎಂದು ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗ ಇದ್ದರೆ ಅರ್ಧ ಗಂಟೆಯಲ್ಲಿ 10 ಕಿ.ಮೀ. ದಾಟಬಹುದು. ಆ ವೃತ್ತದೊಳಗೆ ಸುಮಾರು 314 ಚದರ ಕಿ.ಮೀ. ಜಾಗ ಇರುತ್ತದೆ. ವೇಗ 40 ಆದರೆ 20 ಕಿ.ಮೀ. ದಾಟಬಹುದು, ವೃತ್ತದೊಳಗೆ 1,256 ಚದರ ಕಿ.ಮೀ. ಸಿಗುತ್ತದೆ. ವೇಗ ಎರಡು ಪಟ್ಟು, ಕೈಗೆ ಸಿಗುವ ನೆಲ ನಾಲ್ಕು ಪಟ್ಟು. ನಿನ್ನೆವರೆಗೆ ರಾಗಿ ಬೆಳೆಯುತ್ತಿದ್ದ ನೆಲ ಇದ್ದಕ್ಕಿದ್ದ ಹಾಗೆ ಸೈಟಿನ ಲೆಕ್ಕಕ್ಕೆ ಬರುತ್ತದೆ. ಬೆಲೆ ಏರುವುದು ಅದಕ್ಕೇ.

ಆದರೆ ಈ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ. ಅರ್ಧ ಗಂಟೆಯಲ್ಲಿ ಎಲ್ಲಿಗೆ? ಆ ತುದಿಯಲ್ಲಿ ಕೆಲಸ ಇರಬೇಕು. ಕೆಲಸ ಇಲ್ಲದ ಕಡೆಗೆ ಎಷ್ಟು ಬೇಗ ಹೋದರೂ ಏನು ಬಂತು? ವೈಟ್‌ಫೀಲ್ಡ್ ಹೆಸರು ಬಂತಲ್ಲ, ಅದನ್ನೇ ನೋಡಿ. ಅಲ್ಲಿ ಐಟಿಪಿಎಲ್ ಎಂಬ ದೊಡ್ಡ ಟೆಕ್ ಪಾರ್ಕ್ ಕಟ್ಟಲು ಶುರು ಮಾಡಿದ್ದು 1994ರಲ್ಲಿ. ಮೆಟ್ರೋ ಬಂದದ್ದು 2023ರಲ್ಲಿ. ಒಂದೇ ಕಡೆ ಅಷ್ಟೊಂದು ಕೆಲಸ ಬಂದು ಕೂತದ್ದರಿಂದ ಆ ಊರು ಬೆಳೆಯಿತು, ಅದೂ ಮೂವತ್ತು ವರ್ಷ ಹಿಡಿಯಿತು. ಐದು ವರ್ಷದ ಮಾತನ್ನು ನಂಬಬೇಡಿ.

ನಿಮಗೆ ನಿಜವಾಗಿ ಪಾಠ ಆಗಬೇಕಾದ್ದು ಬೆಂಗಳೂರಿನ ಔಟರ್ ರಿಂಗ್ ರೋಡ್. ನನ್ನ ಮಟ್ಟಿಗೆ ಈ ಇಡೀ ವಿಷಯ ಆ ಒಂದು ರಸ್ತೆಯಲ್ಲಿ ಇದೆ. ಸುಮಾರು 60 ಕಿ.ಮೀ. ಉದ್ದದ ಆ ರಸ್ತೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 1996ರಿಂದ 2002ರವರೆಗೆ ತುಂಡು ತುಂಡಾಗಿ ಕಟ್ಟಿತು. ಉದ್ದೇಶ ಸರಳ: ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ, ಹಳೆ ಮದ್ರಾಸ್ ರಸ್ತೆಗೆ ಹೋಗುವ ಲಾರಿಗಳು ನಗರದೊಳಗೆ ನುಗ್ಗಬಾರದು. ಎಂದರೆ ಅದು ಊರನ್ನು ಬಳಸಿ ಹೋಗುವ ರಸ್ತೆ. ಅಲ್ಲಿ ಊರು ಬೆಳೆಸುವ ಯೋಚನೆಯೇ ಇರಲಿಲ್ಲ.

ಏನಾಯಿತು? ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಭಾಗದ ಎರಡೂ ಬದಿಯಲ್ಲಿ ದೊಡ್ಡ ದೊಡ್ಡ ಜಮೀನು ಖಾಲಿ ಇತ್ತು. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ವೈಟ್‌ಫೀಲ್ಡ್, ನಡುವೆ ಈ ಅಗಲವಾದ ಹೊಸ ರಸ್ತೆ. ಕಂಪನಿಗಳಿಗೆ ಇನ್ನೇನು ಬೇಕು? ಟೆಕ್ ಪಾರ್ಕುಗಳು ಸಾಲಾಗಿ ಎದ್ದವು. ಲಾರಿಗೆಂದು ಹಾಕಿದ ರಸ್ತೆಯೇ ಲಕ್ಷಾಂತರ ಜನರ ಆಫೀಸು ರಸ್ತೆಯಾಯಿತು.

ಈಗ ಕೆಲವು ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. ರಸ್ತೆ ಮುಗಿದದ್ದು 2002. ಬೆಳ್ಳಂದೂರು ಮತ್ತಿತರ ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದ್ದು 2007. ಅಲ್ಲಿಯವರೆಗೆ ಅಷ್ಟು ದೊಡ್ಡ ಕಟ್ಟಡಗಳು ಏಳುವಾಗ ಅಲ್ಲಿದ್ದದ್ದು ಗ್ರಾಮ ಪಂಚಾಯಿತಿ. ಆ ರಸ್ತೆಗೆ ಮೆಟ್ರೋ ಕಟ್ಟಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡಬೇಕಾದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮೊದಲು ರಸ್ತೆ. ಐದು ವರ್ಷಕ್ಕೆ ಪಾಲಿಕೆ. ಇಪ್ಪತ್ತು ವರ್ಷ ದಾಟಿದ ಮೇಲೆ ಕಾವೇರಿ ನೀರು. ಆ ಇಪ್ಪತ್ತು ವರ್ಷ ಅಲ್ಲಿನ ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು ಬದುಕಿದರು. ಊರು ಬೆಳೆಯಿತೇ ಎಂದು ಕೇಳಿದರೆ, ಹೌದು, ಬೆಳೆಯಿತು. ಆದರೆ ಊರಿಗೆ ಬೇಕಾದ್ದೆಲ್ಲ ಹಿಂದು ಮುಂದಾಗಿ ಬಂತು.

ಹಿಂದು ಮುಂದಾದರೆ ಏನು ನಷ್ಟ ಎಂದು ಕೇಳಬಹುದು. ಬೆಳ್ಳಂದೂರು, ಸರ್ಜಾಪುರ ರಸ್ತೆ, ಪಣತ್ತೂರು ಕಡೆಯ ಯಾವುದಾದರೂ ಖಾಸಗಿ ಲೇಔಟಿಗೆ ಒಮ್ಮೆ ಹೋಗಿ ನೋಡಿ. ಗೇಟಿನಿಂದ ಒಳಗೆ ನಡೆದರೆ ಮೂವತ್ತಡಿ ರಸ್ತೆ, ಎರಡೂ ಬದಿಗೆ ಒತ್ತೊತ್ತಾಗಿ ಮನೆ, ಪಿಜಿ. ಕೊನೆಯಲ್ಲಿ ಒಂದು ಕಾಂಪೌಂಡ್ ಗೋಡೆ. ರಸ್ತೆ ಅಲ್ಲಿಗೆ ಮುಗಿಯಿತು. ಗೋಡೆಯ ಆಚೆ ಇನ್ನೊಂದು ಲೇಔಟ್, ಅದರ ರಸ್ತೆ ಇನ್ನೊಂದು ದಿಕ್ಕಿಗೆ. ಪಕ್ಕದ ಮನೆಗೆ ಹೋಗಬೇಕೆಂದರೆ ಮತ್ತೆ ಮುಖ್ಯ ರಸ್ತೆಗೆ ಬಂದು ಸುತ್ತಬೇಕು. ಸ್ಕೂಲ್ ಬಸ್ಸು ಒಳಗೆ ಬಂದರೆ ರಿವರ್ಸ್‌ನಲ್ಲೇ ವಾಪಸ್. ಯಾಕೆ ಹೀಗೆ ಎಂದರೆ, ಆ ಗೋಡೆ ಇರುವುದು ಹಳೆಯ ಬದುವಿನ ಮೇಲೆ. ಒಬ್ಬ ರೈತ ತನ್ನ ಸರ್ವೆ ನಂಬರ್ ಮಾರಿದ, ಕೊಂಡವನು ಅಷ್ಟರಲ್ಲೇ ಸೈಟು ಮಾಡಿದ. ಪಕ್ಕದ ಸರ್ವೆ ನಂಬರ್ ಮೂರು ವರ್ಷದ ಮೇಲೆ ಇನ್ನೊಬ್ಬರ ಪಾಲಾಯಿತು. ಹೊಲದ ಆಕಾರವೇ ಊರಿನ ಆಕಾರ ಆಗಿಬಿಟ್ಟಿತು. ಹೊಲಗಳ ನಡುವೆ ಇದ್ದ ಬಂಡಿದಾರಿ ಈಗ ಸಾವಿರಾರು ಕಾರು ಓಡಾಡುವ ರಸ್ತೆ. ಒಮ್ಮೆ ಕಟ್ಟಡ ಎದ್ದ ಮೇಲೆ ಅದನ್ನು ಅಗಲ ಮಾಡುವುದು ಯಾರಿಂದಲೂ ಆಗದ ಕೆಲಸ. ಹತ್ತಿಪ್ಪತ್ತು ಜನ ರೈತರು ಕೂತು ಮೊದಲೇ ಒಂದು ನಕ್ಷೆ ಬರೆದಿದ್ದರೆ ಸುಲಭವಾಗಿ ಆಗುತ್ತಿತ್ತು. ಆಗ ಅವರನ್ನು ಯಾರೂ ಕೂರಿಸಲಿಲ್ಲ.

ನೀರಿನದ್ದೂ ಇದೇ ಕಥೆ. ನಮ್ಮ ಕಡೆ ಕೆರೆಗಳು ಒಂಟಿಯಾಗಿ ಇರುವುದಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ನೀರು. ರಸ್ತೆ ಈ ಸಾಲನ್ನು ಅಡ್ಡಡ್ಡ ಕತ್ತರಿಸುತ್ತದೆ. ಮೋರಿ ಸಣ್ಣದಾದರೆ ರಸ್ತೆಯ ಏರಿಯೇ ಒಡ್ಡಾಗಿ ನಿಲ್ಲುತ್ತದೆ. ಕಾಲುವೆಯ ಮೇಲೆ ಮಣ್ಣು ಸುರಿದು ಯಾರೋ ಸೈಟು ಮಾಡಿರುತ್ತಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡಿನ ಸುತ್ತಮುತ್ತಲ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅದೇ ವರ್ಷ ಆಗಸ್ಟ್‌ನಲ್ಲಿ ರಾಮನಗರದ ಹತ್ತಿರ ಹೊಸ ಮೈಸೂರು ಹೆದ್ದಾರಿಯ ಮೇಲೂ ನೀರು ನಿಂತಿತ್ತು.

ನಿಮ್ಮ ತಾಲ್ಲೂಕಿಗೆ ಇದು ಇನ್ನೂ ಹತ್ತಿರದ ವಿಷಯ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹೋಗುವ ನದಿ. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟದ್ದೇ ಈ ನದಿ. ಬೋರ್‌ವೆಲ್ ಜಾಸ್ತಿಯಾಗಿ, ಕಾಲುವೆ ಮುಚ್ಚಿ, ಮೇಲಿನ ನೀರು ಕೆಳಗೆ ಬರುವುದೇ ಕಡಿಮೆಯಾಯಿತು. ಆ ನದಿಯ ತಲೆಯ ಹತ್ತಿರ ಇರುವವರು ನೀವು. ನಿಮ್ಮ ಹಳ್ಳಿಯಲ್ಲಿ ಒಂದು ಕಾಲುವೆ ಮುಚ್ಚಿದರೆ ಅದು ನಿಮ್ಮ ಹಳ್ಳಿಗೆ ಮಾತ್ರ ಸೇರಿದ ನಷ್ಟ ಅಲ್ಲ.

ಇನ್ನೊಂದು ದಿಕ್ಕಿನ ಉದಾಹರಣೆಯನ್ನೂ ಕೊಡಬೇಕು. ಇಲ್ಲದಿದ್ದರೆ ರಸ್ತೆ ಬಂದ ಕಡೆಯೆಲ್ಲ ಬೆಳವಣಿಗೆ ಎಂದು ನಾನೇ ಹೇಳಿದ ಹಾಗಾಗುತ್ತದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಸುಮಾರು 118 ಕಿ.ಮೀ. ಇದೆ, ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಮೈಸೂರಿಗೆ ಹೋಗುವವರಿಗೆ ಹೊತ್ತು ಉಳಿಯಿತು, ಅದು ನಿಜ. ನಡುವಿನ ಊರುಗಳಿಗೆ? ಚನ್ನಪಟ್ಟಣದಲ್ಲಿ ಹಳೆ ರಸ್ತೆಯ ಬದಿಯ ಬೊಂಬೆ ಅಂಗಡಿಗಳು ಬದುಕುತ್ತಿದ್ದದ್ದೇ ಹೋಗುವ ಬರುವ ಕಾರು ನಿಲ್ಲಿಸುವವರಿಂದ. ಮಕ್ಕಳು ಬಣ್ಣದ ಬುಗುರಿ ನೋಡಿ ಹಟ ಮಾಡಿದರೆ ಅಪ್ಪ ಬ್ರೇಕ್ ಹಾಕುತ್ತಿದ್ದ. ಬೈಪಾಸಿನ ಮೇಲಿಂದ ಬುಗುರಿ ಕಾಣುವುದಿಲ್ಲ. ಮದ್ದೂರು ವಡೆಯ ಕಥೆಯಂತೂ ಇನ್ನೂ ಉದ್ದ. ಅದು ರೈಲು ನಿಲ್ದಾಣದಲ್ಲಿ ಹೆಸರಾದ ತಿಂಡಿ. ಜನ ಕಾರು, ಬಸ್ಸಿಗೆ ಬಂದ ಮೇಲೆ ವಡೆಯೂ ಹೆದ್ದಾರಿ ಬದಿಗೆ ಬಂತು. ಈಗ ಹೆದ್ದಾರಿಯೇ ಊರು ಬಿಟ್ಟು ಆಚೆ ಹೋಗಿದೆ. ಒಂದೇ ತಿಂಡಿ ಮೂರು ಬಗೆಯ ಸಾರಿಗೆ ನೋಡಿತು.

ಆ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ವೇಗದ ರಸ್ತೆಗೆ ಅದು ಸರಿಯಾದ ನಿಯಮ, ಜೀವ ಉಳಿಸುವ ನಿಯಮ. ಆದರೆ ಪಕ್ಕದ ಹಳ್ಳಿಯವರ ಕೈಯಲ್ಲಿ ಇರುವ ವಾಹನ ಯಾವುದು ಎಂದು ಯೋಚನೆ ಮಾಡಿ. ಬೈಕು, ಟ್ರ್ಯಾಕ್ಟರ್, ಅಲ್ವಾ? ಅವರಿಗೆ ಸರ್ವಿಸ್ ರಸ್ತೆಯೇ ಗತಿ. ಹೀಗಾಗಿ ನಿಮ್ಮ ಕಡೆಯ ರಿಂಗ್ ರೋಡಿನ ಬದಿಗೆ ಸರ್ವಿಸ್ ರಸ್ತೆ ಎಲ್ಲೆಲ್ಲಿ ಇದೆ, ಎಲ್ಲಿ ತುಂಡಾಗಿದೆ ಎನ್ನುವುದನ್ನು ಸುಮ್ನೆ ವಿವರ ಎಂದುಕೊಳ್ಳಬೇಡಿ. ನಿಮ್ಮೂರಿನ ಮಟ್ಟಿಗೆ ರಸ್ತೆ ಎಂದರೆ ಅದೇ.

ಬಾರದ ರಸ್ತೆಯೂ ನೆಲವನ್ನು ಬದಲಾಯಿಸುತ್ತದೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನೆನಪಿದೆಯಾ? ಸುಮಾರು 73 ಕಿ.ಮೀ. ಯೋಜನೆ. ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಆಮೇಲೆ ವರ್ಷಗಟ್ಟಲೆ ರಸ್ತೆಯೂ ಇಲ್ಲ, ಪರಿಹಾರವೂ ಇಲ್ಲ. ಆ ಸಾಲಿನ ರೈತರು ಜಮೀನು ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ, ಸಾಲ ಹುಟ್ಟುವುದಿಲ್ಲ. ತೋಟಕ್ಕೆ ದುಡ್ಡು ಹಾಕಲು ಧೈರ್ಯ ಇಲ್ಲ. ನಕ್ಷೆಯ ಮೇಲಿನ ಒಂದು ಗೆರೆ ಒಂದು ತಲೆಮಾರನ್ನೇ ಕಟ್ಟಿಹಾಕಿತು. ಯೋಜನೆ ಮಾಡುವ ನಮ್ಮಂಥವರು ಇದಕ್ಕೆ ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ದೇವನಹಳ್ಳಿ ನಿಮ್ಮ ಪಕ್ಕದಲ್ಲೇ ಇದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೂ ಮೊದಲೇ ಸುತ್ತಲಿನ ಜಮೀನು ಕೈ ಬದಲಾಯಿಸಿತ್ತು. ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲು ನೆಟ್ಟರು. ಎಷ್ಟೋ ಕಡೆ ವರ್ಷಗಟ್ಟಲೆ ಆ ಕಲ್ಲುಗಳ ನಡುವೆ ಹುಲ್ಲು ಬೆಳೆಯಿತೇ ಹೊರತು ಮನೆ ಏಳಲಿಲ್ಲ. ಬೆಲೆ ಏರಿತು, ಊರು ಬೆಳೆಯಲಿಲ್ಲ. ಇವೆರಡೂ ಬೇರೆ ಬೇರೆ ಎಂದು ದಯವಿಟ್ಟು ತಿಳಿಯಿರಿ. ದಲ್ಲಾಳಿ ಮಾತಾಡುವುದು ಬೆಲೆಯ ಬಗ್ಗೆ. ನೀವು ಕೇಳಿದ್ದು ಊರಿನ ಬಗ್ಗೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿ, 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವ ಹಾಗೆ ಮಾಡಿದರು. ರಸ್ತೆ, ವಿಮಾನ ನಿಲ್ದಾಣ ಎಲ್ಲ ಪಕ್ಕದಲ್ಲೇ ಇದ್ದೂ ನೆಲ ಏನಾಗಬೇಕು ಎನ್ನುವುದು ಜನರ ಮಾತಿನಿಂದ ಬದಲಾಗಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಚೆನ್ನಾಗಿ ಮಾಡಿದ ಉದಾಹರಣೆ ಇಲ್ಲವೇ? ಇದೆ. ಅಹಮದಾಬಾದಿನ ಸರ್ದಾರ್ ಪಟೇಲ್ ರಿಂಗ್ ರೋಡ್ ನೋಡಿ, ಸುಮಾರು 76 ಕಿ.ಮೀ. ಅಲ್ಲಿ ರಸ್ತೆಯ ಜೊತೆಗೆ ನಗರ ಯೋಜನಾ ಸ್ಕೀಮುಗಳನ್ನು ಮಾಡಿದರು. ಅದರ ಕ್ರಮ ಹೀಗೆ: ಒಂದು ಕಡೆಯ ರೈತರ ಜಮೀನನ್ನೆಲ್ಲ ಕಾಗದದ ಮೇಲೆ ಒಟ್ಟು ಸೇರಿಸುತ್ತಾರೆ. ರಸ್ತೆ, ಶಾಲೆ, ಪಾರ್ಕು, ಚರಂಡಿಗೆ ಎಲ್ಲರಿಂದಲೂ ಒಂದೊಂದು ಪಾಲು ತೆಗೆಯುತ್ತಾರೆ. ಉಳಿದದ್ದನ್ನು ಸರಿಯಾದ ಆಕಾರದ ನಿವೇಶನ ಮಾಡಿ ಅದೇ ರೈತನಿಗೆ ವಾಪಸ್ ಕೊಡುತ್ತಾರೆ. ಜಮೀನು ಕಡಿಮೆಯಾಗುತ್ತದೆ, ಆದರೆ ಒಡೆತನ ಉಳಿಯುತ್ತದೆ. ಬೆಲೆ ಏರಿದಾಗ ಲಾಭ ಮೂಲ ಮಾಲೀಕನಿಗೆ. ಮನೆಗಿಂತ ಮೊದಲೇ ರಸ್ತೆಯ ಜಾಲ ಇರುತ್ತದೆ. ಆ ಪದ್ಧತಿಯಲ್ಲೂ ಕುಂದುಗಳಿವೆ, ನಿಧಾನ ಅದರಲ್ಲಿ ಒಂದು. ಆದರೂ ಬದುವಿನ ಮೇಲೆ ಗೋಡೆ ಕಟ್ಟಿಕೊಂಡು ಬೆಳೆಯುವುದಕ್ಕಿಂತ ಎಷ್ಟೋ ಪಾಲು ಮೇಲು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಅವಕಾಶ ಇದೆ. ಬಳಸುವುದು ಮಾತ್ರ ಕಡಿಮೆ. ಇದು ನನಗೆ ತುಂಬ ಬೇಸರದ ವಿಷಯ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮೂರಿನ ವಿಷಯ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಭಾಗ ಓಡಾಟಕ್ಕೆ ತೆರೆದಿದೆ. ಇದು ಮುಖ್ಯವಾಗಿ ಸರಕಿನ ರಸ್ತೆ. ಇಂಥ ರಸ್ತೆಯ ಬದಿಗೆ ಮೊದಲು ಬರುವುದು ಮನೆಯಲ್ಲ, ಗೋಡೌನು. ನೆಲಮಂಗಲ, ಹೊಸಕೋಟೆಯಲ್ಲಿ ಈಗಾಗಲೇ ನೋಡಿದ್ದೀರಿ. ಗೋಡೌನಿಗೆ ಎಕರೆಗಟ್ಟಲೆ ಸಮತಟ್ಟು ಜಾಗ ಬೇಕು, ಲಾರಿ ತಿರುಗಲು ಅಗಲವಾದ ದಾರಿ ಬೇಕು. ಎಕರೆಗೆ ಸಿಗುವ ಕೆಲಸ ಕಡಿಮೆ. ಆದ್ದರಿಂದ ಇಂಟರ್‌ಚೇಂಜ್ ಹತ್ತಿರ ನೆಲ ಬೇಗ ಹೋಗುತ್ತದೆ, ಆದರೆ ಅದರಿಂದ ಊರೊಂದು ತುಂಬಿಕೊಳ್ಳುವುದಿಲ್ಲ. ಊರು ತುಂಬುವುದು ಕಾರ್ಖಾನೆಯಿಂದ. ಬಾಶೆಟ್ಟಿಹಳ್ಳಿ ಕಡೆ ಕೈಗಾರಿಕಾ ಪ್ರದೇಶ ಇದೆ, ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಸುಮಾರು 300 ಎಕರೆಯಲ್ಲಿ ಎದ್ದಿದೆ. ಅಲ್ಲಿ ಕೆಲಸ ಮಾಡುವವರು ಎಲ್ಲಿ ಬಾಡಿಗೆಗೆ ಇರುತ್ತಾರೆ, ಯಾವ ಬಸ್ಸು ಹತ್ತುತ್ತಾರೆ ಎನ್ನುವುದು ನಿಮ್ಮ ಊರಿನ ಮುಂದಿನ ಹತ್ತು ವರ್ಷವನ್ನು ರಿಂಗ್ ರೋಡಿಗಿಂತ ಜಾಸ್ತಿ ತೀರ್ಮಾನಿಸಬಹುದು. ನಿಮ್ಮ ತಾಲ್ಲೂಕಿನಲ್ಲಿ ರೈಲು ಹಳಿಯೂ ಇದೆ ಎಂಬುದನ್ನು ಮರೆಯಬೇಡಿ. ರಸ್ತೆ ಊರನ್ನು ಚೆಲ್ಲಾಪಿಲ್ಲಿ ಹರಡುತ್ತದೆ. ಜನ ನಡೆದು ಬರುವಷ್ಟು ದೂರದಲ್ಲಿ ಸರಿಯಾದ ರೈಲು ನಿಲ್ದಾಣ ಇದ್ದರೆ ಊರು ಅದರ ಸುತ್ತ ಒತ್ತಾಗಿ ಬೆಳೆಯುತ್ತದೆ, ಹೊಲ ಉಳಿಯುತ್ತದೆ.

ಇಂಟರ್‌ಚೇಂಜ್ ನಿಮ್ಮ ಹೊಲದಿಂದ ಮೂರು ಕಿಲೋಮೀಟರ್ ಒಳಗಿದ್ದು, ಅಲ್ಲಿಗೆ ಲಾರಿ ಹೋಗುವಷ್ಟು ಅಗಲದ ದಾರಿಯೂ ಇದ್ದರೆ ಬೆಲೆಗೆ ಆಧಾರ ಇದೆ. ಆ ಬೆಲೆ ನಾಳೆ ಬೆಳಿಗ್ಗೆ ಓಡಿಹೋಗುವುದಿಲ್ಲ. ಅಷ್ಟು ಹತ್ತಿರ ಇಲ್ಲದಿದ್ದರೆ, ಈಗ ಹೇಳುತ್ತಿರುವ ರೇಟು ಬಹುಮಟ್ಟಿಗೆ ಮಾತಿನ ರೇಟು. ಯಾವುದಕ್ಕೂ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ನೋಡಿ. ಕೃಷಿ ವಲಯವೋ, ಕೈಗಾರಿಕೆಯೋ, ವಸತಿಯೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದಕ್ಕೇ ನಿಮ್ಮ ಬಾಗಿಲಿಗೆ ಇಷ್ಟು ಜನ. ಸಣ್ಣ ಮುಂಗಡ ಕೊಟ್ಟು ವರ್ಷಗಟ್ಟಲೆ ಅವಧಿಯ ಅಗ್ರಿಮೆಂಟ್ ಕೇಳುವವರಿಗೆ ಮಾತ್ರ ಸಹಿ ಹಾಕಬೇಡಿ. ಬೆಲೆ ಏರಿದರೆ ಲಾಭ ಅವರಿಗೆ, ಏರದಿದ್ದರೆ ಕಟ್ಟಿಹಾಕಿಕೊಂಡವರು ನೀವು.

ಎರಡೂವರೆ ಎಕರೆಯನ್ನು ಒಂದೇ ಸಲ ತೀರ್ಮಾನ ಮಾಡಬೇಕೆಂದೂ ಇಲ್ಲ. ದ್ರಾಕ್ಷಿ ಫಸಲು ಕೊಡುತ್ತಿದ್ದರೆ ಅದನ್ನು ಮುಟ್ಟಬೇಡಿ. ಮಾರಲೇಬೇಕಾದ ಖರ್ಚು ಇದ್ದರೆ ರಾಗಿ ಹೊಲದ ಒಂದು ತುಂಡು ಸಾಕು. ಅದನ್ನೂ ದಾರಿ ಬಿಟ್ಟು ಅಳತೆ ಮಾಡಿಸಿ ಕೊಡಿ. ಇಲ್ಲದಿದ್ದರೆ ಹಿಂದಿನ ಹೊಲಕ್ಕೆ ಹೋಗಲು ನಿಮಗೇ ದಾರಿ ಇರುವುದಿಲ್ಲ. ಅದಕ್ಕೂ ಮುಂಚೆ ಅಕ್ಕಪಕ್ಕದ ಸರ್ವೆ ನಂಬರಿನವರನ್ನು ಕೂರಿಸಿಕೊಂಡು ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಬಂಡಿದಾರಿ, ರಾಜಕಾಲುವೆ, ಕೆರೆಯ ಅಂಗಳ, ಗೋಮಾಳ ಎಲ್ಲ ಇರುತ್ತದೆ. ಬಂಡಿದಾರಿ ಇಷ್ಟಡಿ ಅಗಲ ಇರಲಿ, ಕಾಲುವೆ ಮುಚ್ಚುವುದು ಬೇಡ ಎಂದು ಗ್ರಾಮಸಭೆಯಲ್ಲಿ ಬರೆಸಿ ನಡಾವಳಿಯ ಪ್ರತಿ ಇಟ್ಟುಕೊಳ್ಳಿ. ಲೇಔಟಿಗೆ ಯಾರಾದರೂ ಅರ್ಜಿ ಹಾಕಿದಾಗ ಆಕ್ಷೇಪಣೆಯ ಜೊತೆ ಲಗತ್ತಿಸಲು ಅದು ಬೇಕಾಗುತ್ತದೆ.